ಕೋಳಿಗೂಡಿನ ಸೆಕೆಗೆ ಫಾಗರ್, ಎಕ್ಸಾಸ್ಟ್ ಫ್ಯಾನ್, ಜಾಲರಿ ಕಿಂಡಿ: ಮೂರನ್ನೂ ಬಳಸಿ ನೋಡಿದ ಮೇಲೆ

ನನ್ನ ಮತ ಸೂರಿನ ಕೆಳಗೆ ಗೋಡೆ ಕೊಯ್ದು ಕೂರಿಸಿದ ಜಾಲರಿ ಕಿಂಡಿಗೆ, ಜೊತೆಗೊಂದು ಸಾದಾ ಫ್ಯಾನಿಗೆ. ನೀರನ್ನು ಮಂಜಿನಂತೆ ಸಿಂಪಡಿಸುವ ಫಾಗರ್ ಕೊಂಡು ಕೈಸುಟ್ಟುಕೊಂಡ ಮೇಲೆ ಕಲಿತದ್ದಿದು.

ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಾ, ಉಸಿರಿನ ತೇವ ಆರುವಾಗ ಮೈಯ ಕಾವನ್ನು ಕಳೆದುಕೊಳ್ಳುತ್ತದೆ. ಸುತ್ತಲಿನ ಗಾಳಿಯೇ ತೇವದಿಂದ ತುಂಬಿದ್ದರೆ ಆ ದಾರಿಯೂ ಮುಚ್ಚಿದಂತೆ. ಫಾಗರ್ ಕೊಳ್ಳುವಾಗ ಈ ಮಾತು ನನಗೆ ಹೊಳೆಯಲೇ ಇಲ್ಲ.

ಮೊದಲ ಮಧ್ಯಾಹ್ನ ಗೂಡಿನ ತಾಪ 36ರಿಂದ 32 ಡಿಗ್ರಿಗೆ ಇಳಿಯಿತು. ಹಿಗ್ಗಿಹೋದೆ. ಅದೇ ಮಾಪಕದಲ್ಲಿ ತೇವಾಂಶ ಶೇ. 55ರಿಂದ 75ಕ್ಕೆ ಏರಿದ್ದು ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹನ್ನೆರಡು ಹೇಂಟೆಗಳೂ ರೆಕ್ಕೆ ಅಗಲಿಸಿಕೊಂಡೇ ನಿಂತಿದ್ದವು. ಅವುಗಳ ಗಂಟಲ ಚರ್ಮ ಬಿಡುವಿಲ್ಲದೆ ಅದುರುತ್ತಿತ್ತು.

ನಿಜವಾದ ಕಾಟ ಶುರುವಾದದ್ದು ಗೂಡಿನ ನೆಲಕ್ಕೆ ಹರಡಿದ ಹೊಟ್ಟಿನ ಹಾಸಿನಿಂದ. ಗಡಸು ನೀರಿನ ಸುಣ್ಣ ನಳಿಕೆಗಳಲ್ಲಿ ಕಟ್ಟಿಕೊಂಡು, ಮಂಜಿನ ಬದಲು ಹನಿಗಳು ತೊಟ್ಟಿಕ್ಕತೊಡಗಿದವು. ವಾರಕ್ಕೊಮ್ಮೆ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿಟ್ಟೆ. ಎರಡು ದಿನ ಸರಿಯಿದ್ದು ಮತ್ತೆ ಅದೇ ಹಾಡು. ಒಂದು ಬೆಳಿಗ್ಗೆ ಹೊಟ್ಟನ್ನು ಹಿಡಿಯಲ್ಲಿ ಅಮುಕಿ ನೋಡಿದೆ. ಒಳ್ಳೆಯ ಹಾಸಾದರೆ ಕೈ ಬಿಚ್ಚಿದೊಡನೆ ಉದುರಬೇಕು. ಇದು ಉಂಡೆ ಕಟ್ಟಿ ಹಾಗೆಯೇ ಕೂತಿತು.

ನಿಂತಾಗ ವಾಸನೆ ಅಷ್ಟೇನೂ ಇರಲಿಲ್ಲ. ಮಂಡಿಯೂರಿ ಕೋಳಿಗಳ ತಲೆಯ ಮಟ್ಟಕ್ಕೆ ಮುಖ ತಂದಾಗ ಅಮೋನಿಯದ ಘಾಟಿಗೆ ಕಣ್ಣಲ್ಲಿ ನೀರು ಬಂತು. ಅವು ಹಗಲಿರುಳೂ ಉಸಿರಾಡುತ್ತಿದ್ದದ್ದು ಆ ಗಾಳಿಯನ್ನು! ಒಂದು ಹೇಂಟೆ ಮೂಲೆಯಲ್ಲಿ ಅರೆಗಣ್ಣು ಮುಚ್ಚಿ ನಿಂತಿತ್ತು. ಒದ್ದೆ ಹಾಸಿನ ಬಿಸುಪು ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರಾವಲಂಬಿಗೂ ಹಿತವೇ. ಆ ದಿನವೇ ಫಾಗರ್ ನಿಲ್ಲಿಸಿ, ಹಾಸನ್ನು ಪೂರ್ತಿ ಬಾಚಿ ಹೊರಹಾಕಿದೆ.

ಎಕ್ಸಾಸ್ಟ್ ಫ್ಯಾನ್ ಕೆಟ್ಟದ್ದಲ್ಲ. ಆದರೆ ಎದುರು ಗೋಡೆಯಲ್ಲಿ ಗಾಳಿ ಒಳಬರಲು ದಾರಿ ಇಲ್ಲದಿದ್ದರೆ ಅದು ಬರೀ ಸದ್ದು ಮಾಡುತ್ತದೆ. ಪುಕ್ಕದ ಧೂಳನ್ನೂ ಆಗಾಗ ಒರೆಸಬೇಕು.

ಕಿಂಡಿಗೆ ವಿದ್ಯುತ್ತೇ ಬೇಡ. ಎರಡೂ ಉದ್ದ ಗೋಡೆಗಳಲ್ಲಿ ಸೂರಿನಡಿ ಒಂದು ಗೇಣಿನಷ್ಟು ಕೊಯ್ದೆ. ನೆರಳಿರುವ ಕಡೆ ನೆಲದ ಹತ್ತಿರ ಇನ್ನೊಂದು. ಬಿಸಿಯಾದ ತೇವದ ಗಾಳಿ ಮೇಲಿಂದ ಹೊರಬೀಳುತ್ತದೆ, ಕೆಳಗಿನಿಂದ ಹೊಸದು ಬರುತ್ತದೆ. ತೆಳುವಾದ ಷಟ್ಕೋನ ಜಾಲರಿ ಬೇಡ, ಇಲಿ ಮುಂಗುಸಿಗಳಿಗೆ ಅದು ತಡೆಯೇ ಅಲ್ಲ. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿಯನ್ನೇ ಹಾಕಿ. ಫ್ಯಾನನ್ನು ಕೋಳಿಗಳ ಬೆನ್ನಿನ ಮಟ್ಟಕ್ಕೆ ಗಾಳಿ ಬೀಸುವಂತೆ ಇಟ್ಟಿದ್ದೇನೆ. ಈಗ ತಾಪ 34ರ ಕೆಳಗೆ ಇಳಿಯುವುದಿಲ್ಲ, ನಿಜ. ಆದರೂ ಹೇಂಟೆಗಳು ರೆಕ್ಕೆ ಮಡಚಿ ಹಾಸು ಕೆದಕುತ್ತವೆ.

ಗಾಳಿಯ ಬಿಸಿ 40ರ ಆಸುಪಾಸಿಗೆ ಬಂದರೆ, ಅಂದರೆ ಕೋಳಿಯ ಮೈಬಿಸಿಯಾದ 41ರ ಹತ್ತಿರ, ಫ್ಯಾನ್ ಒಂದೇ ಸಾಲದು. ಅಂಥ ಒಣ ಬಿಸಿಲಿನಲ್ಲಿ, ನಾಲ್ಕೂ ಕಡೆ ತೆರೆದ ಕೊಟ್ಟಿಗೆಯಲ್ಲಿ, ಯಾರಾದರೂ ಸದಾ ಹತ್ತಿರವೇ ಇದ್ದು ನೋಡಿಕೊಳ್ಳುವಂತಿದ್ದರೆ ಫಾಗರ್‌ಗೆ ಅರ್ಥವಿದೆ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವ, ಎರಡನೇ ಸಲ ಹಣ ಹಾಕಲಾಗದ ನನಗೆ ಅದು ಒಗ್ಗುವುದಿಲ್ಲ. ಅದರ ಪೈಪನ್ನು ಈಗ ತಗಡಿನ ಛಾವಣಿಯ ಮೇಲೆ ಹಾಯಿಸಿದ್ದೇನೆ. ರಜೆಯ ಮಧ್ಯಾಹ್ನಗಳಲ್ಲಿ ತಗಡು ನೆನೆದು ತಣಿಯುತ್ತದೆ. ನೀರು ಗೂಡಿನ ಹೊರಗೇ ಇಳಿದುಹೋಗುತ್ತದೆ.