ಬಂದು ಹೋಗುವ ದೋಷವನ್ನು ಬರಿಸಿ ನೋಡುವ ಅಂಗಡಿ

ಪಂಪ್‌ವೆಲ್‌ನಿಂದ ಕಂಕನಾಡಿಯ ಕಡೆಗೆ ಹೋಗುವಾಗ ಸಿಗುವ ಒಳದಾರಿಯೊಂದರಲ್ಲಿ, ಹೆಸರಿನ ಫಲಕವೇ ಇಲ್ಲದ ಒಂದು ಆಟೋ ಇಲೆಕ್ಟ್ರಿಕಲ್ ಅಂಗಡಿಯಿದೆ. ಹಳೆಯ ಬೈಕಿನ ವಯರಿಂಗ್ ದೋಷವನ್ನು, ಅದರಲ್ಲೂ ಒಮ್ಮೆ ಕಾಣಿಸಿಕೊಂಡು ಮರುಗಳಿಗೆಗೆ ಮಾಯವಾಗುವಂಥ ದೋಷವನ್ನು ಹುಡುಕಿಸಿಕೊಳ್ಳಬೇಕಾದವರಿಗೆ ಮಂಗಳೂರಿನಲ್ಲಿ ನಾನು ಹಿಂಜರಿಯದೆ ಹೇಳುವ ಜಾಗ ಇದು. ಆದರೆ ಎಲ್ಲ ಬೈಕುಗಳಿಗೂ ಅಲ್ಲ, ಅವಸರದಲ್ಲಿರುವವರಿಗಂತೂ ಖಂಡಿತ ಅಲ್ಲ.

ನನ್ನ ಬೈಕು 1990ರ ದಶಕದ್ದು, 12 ವೋಲ್ಟಿನದು, ಪಾಯಿಂಟ್ (ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್ಚು) ಮತ್ತು ಕಾಯಿಲಿನಿಂದ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜು ಹುಟ್ಟಿಸುವ ತಂತಿಯ ಸುರುಳಿ) ಕಿಡಿ ಹೊಡೆಯುವ ಕಾಲದ್ದು. ಓಡುತ್ತಿರುವಾಗಲೇ ಎಂಜಿನ್ ಥಟ್ಟನೆ ನಿಲ್ಲುತ್ತಿತ್ತು. ರಸ್ತೆಯ ಬದಿಗೆ ತಂದು ಸ್ಟ್ಯಾಂಡ್ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಯೇ ಇಲ್ಲವೆಂಬಂತೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು. ಈ ಲಕ್ಷಣವನ್ನು ಕೇಳಿದ ಯಾವ ಮೆಕ್ಯಾನಿಕ್ಕಿಗಾದರೂ ಮೊದಲ ಸಂಶಯ ಬರುವುದು ಪಾಯಿಂಟಿನಲ್ಲೇ ಕಿಡಿ ಹಾರದಂತೆ ತಡೆಯುವ ಕಂಡೆನ್ಸರಿನ ಮೇಲೆ, ನಂತರ ಕಾಯಿಲಿನ ಮೇಲೆ. ಬಿಸಿಯಾದಾಗ ಒಳಗಿನ ಇನ್ಸುಲೇಷನ್ ಸೋಲುವುದು, ತಣ್ಣಗಾದಾಗ ಚೇತರಿಸಿಕೊಳ್ಳುವುದು ಇವೆರಡರಲ್ಲೂ ಕಾಣುವ ಸ್ವಭಾವವಾದ್ದರಿಂದ ಆ ಸಂಶಯದಲ್ಲಿ ತಪ್ಪೇನೂ ಇಲ್ಲ. ಆದರೆ ಇದಕ್ಕೂ ಮುನ್ನ ಬೈಕನ್ನು ನೋಡಿದ್ದ ಇನ್ನೊಂದು ಗ್ಯಾರೇಜಿನವರು ಸಂಶಯವನ್ನೇ ನಿರ್ಣಯವೆಂದು ಹಿಡಿದು ಕಂಡೆನ್ಸರ್, ಕಾಯಿಲ್, ಕೊನೆಗೆ ಬ್ಯಾಟರಿ ಹೀಗೆ ಒಂದೊಂದನ್ನೇ ಬದಲಿಸುತ್ತ ಹೋದರು. ಬಿಲ್ಲು ಬೆಳೆಯಿತು, ದೋಷ ಇದ್ದಲ್ಲೇ ಇತ್ತು.

ಈ ಅಂಗಡಿಯ ಯಜಮಾನರು ಅರುವತ್ತು ದಾಟಿದವರು, ಕನ್ನಡದಲ್ಲಿ ಮಾತು ತೆಗೆದು ಎರಡನೆಯ ವಾಕ್ಯಕ್ಕೆ ತುಳುವಿಗೆ ಹೊರಳುವವರು. ಬೈಕಿನ ಮೇಲೆ ಕೈಯಿಡುವ ಮೊದಲು ಅವರು ಪ್ರಶ್ನೆ ಕೇಳುತ್ತಾರೆ. ಎಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುತ್ತದೆಯೋ, ಚಾವಿ ತಿರುಗಿಸಿ ಬಂದ್ ಮಾಡಿದ ಹಾಗೆ ನಿಲ್ಲುತ್ತದೆಯೋ? ಮೊದಲನೆಯದಾದರೆ ಪೆಟ್ರೋಲಿನ ಕಡೆಗೂ ನೋಡಬೇಕು, ಎರಡನೆಯದಾದರೆ ಕರೆಂಟಿನ ಕಡೆಗೆ ಮಾತ್ರ. ನಂತರದ ಪ್ರಶ್ನೆ ಇನ್ನೂ ಚುರುಕಾದದ್ದು: “ನಿಂತ ಕೂಡಲೇ ಹಾರ್ನ್ ಒತ್ತಿ ನೋಡಿ ಮಾರಾಯ್ರೆ, ಕೂಗುತ್ತದೋ ಇಲ್ಲವೋ?” ನನ್ನ ಬೈಕಿನಲ್ಲಿ ಹಾರ್ನಿಗೂ ಕಾಯಿಲಿಗೂ ಕರೆಂಟು ಬರುವುದು ಒಂದೇ ಇಗ್ನಿಷನ್ ಸ್ವಿಚ್ಚಿನ ಮೂಲಕ. ಹಾರ್ನೂ ಸತ್ತಿದ್ದರೆ ದೋಷ ಸ್ವಿಚ್ಚಿನಲ್ಲೋ ಅದಕ್ಕಿಂತ ಹಿಂದೆ ಬ್ಯಾಟರಿ ಮತ್ತು ಫ್ಯೂಸಿನ ಕಡೆಯೋ ಇದೆ. ಹಾರ್ನ್ ಕೂಗಿದರೆ ಅಷ್ಟೂ ಭಾಗವನ್ನು ಬಿಟ್ಟು ಸ್ವಿಚ್ಚಿನಿಂದ ಮುಂದಕ್ಕೆ ಹುಡುಕಿದರೆ ಸಾಕು. ಒಂದು ರೂಪಾಯಿಯ ಖರ್ಚಿಲ್ಲದೆ ಅರ್ಧ ಬೈಕನ್ನು ಸಂಶಯದಿಂದ ಹೊರಗಿಡುವ ಈ ಪರೀಕ್ಷೆಯನ್ನು ಹಳೆಯ ಬೈಕು ಇಟ್ಟುಕೊಂಡ ಪ್ರತಿಯೊಬ್ಬರೂ ತಿಳಿದಿರಬೇಕು.

ಅವರ ಕೆಲಸದ ತಿರುಳು ಇರುವುದು ಮುಂದಿನ ಹಂತದಲ್ಲಿ. ಅಂಗಡಿಯ ಮುಂದೆ ನಿಂತ ಬೈಕಿನಲ್ಲಿ ದೋಷ ಇರುವುದಿಲ್ಲ, ಆದ್ದರಿಂದ ಅಲ್ಲಿ ಹುಡುಕಿ ಪ್ರಯೋಜನವಿಲ್ಲವೆಂಬುದು ಅವರ ಖಚಿತ ನಿಲುವು. ಸ್ಪೀಡೋಮೀಟರಿನೊಳಗೆ ಉರಿಯುವಂಥ ಪುಟ್ಟ ಬಲ್ಬೊಂದಕ್ಕೆ ಉದ್ದನೆಯ ಎರಡು ವಯರು ಹಾಕಿ, ಒಂದು ತುದಿಯನ್ನು ಕಾಯಿಲಿಗೆ ಕರೆಂಟು ಬರುವ ಟರ್ಮಿನಲ್ಲಿಗೂ ಇನ್ನೊಂದನ್ನು ಅರ್ಥಿಗೂ (ಕರೆಂಟು ಬ್ಯಾಟರಿಗೆ ಮರಳುವ ಫ್ರೇಮಿನ ಲೋಹಕ್ಕೆ) ಜೋಡಿಸಿ, ಬಲ್ಬನ್ನು ಹ್ಯಾಂಡಲಿನ ನಡುವೆ ಕಣ್ಣಿಗೆ ಕಾಣುವಂತೆ ಟೇಪು ಸುತ್ತಿ ಕೂರಿಸಿದರು. ಈ ವಯರೇ ದಾರಿಯಲ್ಲಿ ಎಲ್ಲಿಯಾದರೂ ಉಜ್ಜಿ ಶಾರ್ಟ್ ಆದರೆ ಎಂದು ನಡುವೆ 2 ಆಂಪಿಯರಿನ ಫ್ಯೂಸನ್ನೂ ಸೇರಿಸಿದ್ದು ನನಗೆ ವಿಶೇಷವಾಗಿ ಹಿಡಿಸಿತು. ಬಳಿಕ ಬೈಕನ್ನು ನನಗೇ ಕೊಟ್ಟು, ನಿಲ್ಲುವವರೆಗೂ ಓಡಿಸಿಕೊಂಡು ಬರಲು ಹೇಳಿದರು. ಎಂಜಿನ್ ನಿಂತ ಕ್ಷಣದಲ್ಲಿ ಬಲ್ಬು ಉರಿಯುತ್ತಲೇ ಇದ್ದರೆ ಕಾಯಿಲಿಗೆ ಕರೆಂಟು ಬರುತ್ತಿದೆ, ತಪ್ಪು ಪಾಯಿಂಟ್, ಕಂಡೆನ್ಸರ್ ಅಥವಾ ಕಾಯಿಲಿನದು. ಬಲ್ಬೂ ಆರಿದರೆ ಕರೆಂಟೇ ಬರುತ್ತಿಲ್ಲ. ಕದ್ರಿಯ ಏರಿನಲ್ಲಾಗಲಿ ನಂತೂರಿನ ವಾಹನ ದಟ್ಟಣೆಯಲ್ಲಾಗಲಿ ಏನೂ ಆಗಲಿಲ್ಲ. ನೇತ್ರಾವತಿ ಸೇತುವೆಯ ಜೋಡಣೆಗಳ ಮೇಲೆ ಕುಲುಕಿಸಿಕೊಂಡು ದಾಟಿ ತೊಕ್ಕೊಟ್ಟು ಸಮೀಪಿಸುವಾಗ ಎಂಜಿನ್ನೂ ಬಲ್ಬೂ ಒಟ್ಟಿಗೆ ಆರಿದವು. ಹಾರ್ನ್ ಮಾತ್ರ ಗಟ್ಟಿಯಾಗಿ ಕೂಗಿತು. ಹೊಸ ಕಂಡೆನ್ಸರ್, ಹೊಸ ಕಾಯಿಲ್, ಹೊಸ ಬ್ಯಾಟರಿ ಮೂರೂ ಅನಗತ್ಯವಾಗಿದ್ದವೆಂಬುದು ಅಲ್ಲಿಯೇ ಇತ್ಯರ್ಥವಾಯಿತು.

ಉಳಿದದ್ದು ಸ್ವಿಚ್ಚಿನಿಂದ ಕಾಯಿಲಿನವರೆಗಿನ, ಎರಡು ಮೊಳಕ್ಕೂ ಕಡಿಮೆ ಉದ್ದದ ಒಂದು ವಯರು. ಹಿಂದಿನ ಗ್ಯಾರೇಜಿನಲ್ಲಿ ಇದೇ ವಯರಿನ ತುದಿಗೆ ಡಿಜಿಟಲ್ ಮಲ್ಟಿಮೀಟರ್ ಹಿಡಿದು, 12.4 ವೋಲ್ಟ್ ಬರುತ್ತಿದೆ, ವಯರಿಂಗ್ ಸರಿಯಿದೆ ಎಂದಿದ್ದರು. ಮೀಟರು ಸುಳ್ಳು ಹೇಳಿರಲಿಲ್ಲ, ಆದರೆ ಕೇಳಿದ ಪ್ರಶ್ನೆ ಸರಿಯಿರಲಿಲ್ಲ. ಡಿಜಿಟಲ್ ಮೀಟರು ತಾನು ಎಳೆದುಕೊಳ್ಳುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ, ವಯರಿನೊಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿ ಒಂದೇ ಒಂದು ಎಳೆ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಪಾಯಿಂಟ್ ಮುಚ್ಚಿದಾಗ ಕಾಯಿಲು 3ರಿಂದ 4 ಆಂಪಿಯರ್ ಎಳೆಯುತ್ತದೆ. ಆ ಹೊತ್ತಿನಲ್ಲಿ ದಾರಿಯಲ್ಲಿ ಒಂದು ಓಮಿನಷ್ಟು ಹೆಚ್ಚುವರಿ ತಡೆಯಿದ್ದರೂ 3 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. ಅದಕ್ಕಾಗಿ ಇವರು ಬ್ರೇಕ್ ಲೈಟಿನ 21 ವಾಟಿನ ಬಲ್ಬನ್ನು ಹೋಲ್ಡರಿಗೆ ಹಾಕಿ ಟೆಸ್ಟ್ ಲ್ಯಾಂಪ್ ಮಾಡಿಕೊಂಡಿದ್ದಾರೆ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಅದನ್ನು ಉರಿಸಿಟ್ಟುಕೊಂಡು ಮೀಟರ್ ಹಿಡಿದು, ಹ್ಯಾಂಡಲಿನ ಬುಡದಲ್ಲಿ ವಯರಿನ ಕಟ್ಟನ್ನು ಬೆರಳಿನಿಂದ ಎಳೆದಾಗ ಅದೇ 12.4 ವೋಲ್ಟ್ 9ಕ್ಕಿಂತ ಕೆಳಗಿಳಿಯಿತು, ಬಲ್ಬು ಕೆಂಪಗಾಯಿತು.

ಇಷ್ಟಾದರೂ ಒಂದು ಸಂಶಯ ಉಳಿದಿತ್ತು. ವಯರು ತುಂಡಾಗಿದ್ದರೆ, ಬೈಕು ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತಿದ್ದದ್ದು ಹೇಗೆ? ಅವರು ಬಾಯಿಮಾತಿನಲ್ಲಿ ವಿವರಿಸಲಿಲ್ಲ, ಬೈಕಿಗೆ ಸೈಡ್ ಸ್ಟ್ಯಾಂಡ್ ಹಾಕಿದರು. ಹ್ಯಾಂಡಲ್ ತಾನಾಗಿ ಎಡಕ್ಕೆ ಹೊರಳಿತು, ಬಿಗಿಯಾಗಿದ್ದ ವಯರಿನ ಕಟ್ಟು ಸಡಿಲವಾಯಿತು, ಮಂಕಾಗಿದ್ದ ಟೆಸ್ಟ್ ಲ್ಯಾಂಪ್ ಪೂರ್ತಿ ಬೆಳಗಿತು. ಬಿಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಹ್ಯಾಂಡಲ್ ನೇರವಾಗಿದ್ದಾಗ ಕಟ್ಟು ಬಿಗಿದು ತುಂಡಾದ ಎಳೆಗಳು ದೂರವಾಗುತ್ತಿದ್ದವು, ಸ್ಟ್ಯಾಂಡ್ ಹಾಕಿದಾಗ ಮತ್ತೆ ತಾಗುತ್ತಿದ್ದವು. ಹಿಂದೆಂದೋ ಹೆಡ್‌ಲೈಟಿನ ಕೆಲಸ ಮಾಡಿದವರು ವಯರಿನ ಕಟ್ಟನ್ನು ಅತಿಯಾಗಿ ಎಳೆದು ಪ್ಲಾಸ್ಟಿಕ್ ಟೈ ಬಿಗಿದದ್ದೇ ಇದರ ಮೂಲ. ಹೊರಗಿನ ಪ್ಲಾಸ್ಟಿಕ್ ಕವಚ ಮಾತ್ರ ಎಲ್ಲಿಯೂ ಬಿರುಕಿಲ್ಲದೆ ನುಣ್ಣಗಿತ್ತು.

ದುರಸ್ತಿಯ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ತಕರಾರೂ ಇದೆ. ಮುರಿದ ಜಾಗದಲ್ಲಿಯೇ ಬೆಸುಗೆ ಹಾಕಿ ಕೈತೊಳೆದುಕೊಳ್ಳದೆ, ಆ ಭಾಗವನ್ನೇ ಕತ್ತರಿಸಿ ಹೊಸ ವಯರು ಎಳೆದು, ಜೋಡಣೆಯನ್ನು ಹ್ಯಾಂಡಲ್ ತಿರುಗುವ ಜಾಗದಿಂದ ದೂರ, ಟ್ಯಾಂಕಿನ ಕೆಳಗೆ ಇಟ್ಟರು. ಇದು ಸರಿಯಾದ ಕ್ರಮ: ಬೆಸುಗೆಯ ಸೀಸ ಎಳೆಗಳ ನಡುವೆ ಇಳಿದಷ್ಟು ದೂರ ವಯರು ಸೆಡೆತು ನಿಲ್ಲುತ್ತದೆ, ಮಡಚುವ ಅಥವಾ ನಡುಗುವ ಜಾಗವಾದರೆ ಆ ಸೆಡೆತ ಮುಗಿಯುವಲ್ಲಿ ಮತ್ತೆ ತುಂಡಾಗುತ್ತದೆ. ಆದರೆ ಹೊಸ ವಯರಿನ ಬಣ್ಣ ಹಳೆಯದರ ಬಣ್ಣವಲ್ಲ. ಕೈಗೆ ಸಿಕ್ಕಿದ ಕೆಂಪು ವಯರನ್ನೇ ಹಾಕಿದ್ದಾರೆ, ಗುರುತಿನ ಚೀಟಿಯನ್ನೂ ಕಟ್ಟಿಲ್ಲ. ನಾಳೆ ಇನ್ನೊಬ್ಬರು ವಯರಿಂಗ್ ನಕ್ಷೆ ಹಿಡಿದು ಕುಳಿತರೆ ಇದೊಂದೇ ಅವರನ್ನು ದಾರಿ ತಪ್ಪಿಸಲು ಸಾಕು. ಕಟ್ಟಿನ ಮೇಲೆ ಸುತ್ತಿದ್ದು ಸಾಮಾನ್ಯ ಕಪ್ಪು ಟೇಪು; ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅದರ ಅಂಟು ಕರಗಿ ಇಳಿಯುವುದು ನಿಶ್ಚಯ. ಟೇಪಿನ ಬದಲು ಸ್ಲೀವ್ (ವಯರಿಗೆ ತೊಡಿಸುವ ಕೊಳವೆ) ಹಾಕಿಕೊಡಿ ಎಂದು ಮೊದಲೇ ಹೇಳಿದರೆ ಹಾಕಿಕೊಡುತ್ತಾರೆ, ತಾವಾಗಿ ಹಾಕುವುದಿಲ್ಲ.

ರಾತ್ರಿ ಹೆಡ್‌ಲೈಟ್ ಮಂಕಾಗುವ ಇನ್ನೊಂದು ದೂರನ್ನು ಅವರು ಬೇಗ ಮುಗಿಸಿದರು. ಲೈಟು ಉರಿಯುತ್ತಿರುವಾಗ ಅದರ ಅರ್ಥ್ ವಯರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರ್ ಹಿಡಿದರೆ 0.1 ಅಥವಾ 0.2 ವೋಲ್ಟ್ ಇರಬೇಕಾದಲ್ಲಿ 1.3 ತೋರಿಸಿತು. ಫ್ರೇಮಿಗೆ ಹೊಸ ಬಣ್ಣ ಹೊಡೆಸಿದಾಗ ಅರ್ಥಿನ ಬೋಲ್ಟಿನ ಕೆಳಗೂ ಬಣ್ಣ ಕುಳಿತಿತ್ತು. ವೋಲ್ಟೇಜು ಶೇ. 10ರಷ್ಟು ಇಳಿದರೆ ಫಿಲಮೆಂಟ್ ಬಲ್ಬಿನ ಬೆಳಕು ಶೇ. 30ರಷ್ಟು ಕುಂದುತ್ತದೆಯಾದ್ದರಿಂದ ಈ ಸಣ್ಣ ಅಂಕಿಯನ್ನು ಕಡೆಗಣಿಸುವಂತಿಲ್ಲ. ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದರು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುವ ಈ ಊರಿನಲ್ಲಿ ಹಿತ್ತಾಳೆಯ ಕನೆಕ್ಟರುಗಳು ಹಸಿರು ಕಿಲುಬು ಹಿಡಿಯುವುದು ಸಹಜ. ಆದ್ದರಿಂದ ಬೈಕು ಬಿಚ್ಚಿದಾಗಲೇ ಎಲ್ಲ ಕನೆಕ್ಟರುಗಳನ್ನೂ ತೆಗೆದು ಉಜ್ಜಿ ವ್ಯಾಸಲೀನ್ ಹಾಕಿಸಿಕೊಳ್ಳುವುದು ಲೇಸು. ಅದಕ್ಕೆ ಅವರು ಬೇರೆ ಮಜೂರಿ ಕೇಳಲಿಲ್ಲ.

ನಾನು ಕಾಯುತ್ತಿದ್ದಾಗ ಪದೇ ಪದೇ ಫ್ಯೂಸ್ ಹಾರುವ ಸ್ಕೂಟರೊಂದು ಬಂದಿತ್ತು. ಫ್ಯೂಸಿನ ಜಾಗದಲ್ಲಿ ಅದೇ 21 ವಾಟಿನ ಬಲ್ಬನ್ನು ಜೋಡಿಸಿ, ಶಾರ್ಟ್ ಇರುವಷ್ಟು ಹೊತ್ತು ಅದು ಪ್ರಖರವಾಗಿ ಉರಿಯುವಂತೆ ಮಾಡಿ, ವಯರುಗಳನ್ನು ಒಂದೊಂದಾಗಿ ಅಲುಗಿಸುತ್ತ ಹೋದರು. ಸೀಟಿನ ಕೆಳಗಿನ ಕಟ್ಟನ್ನು ಎತ್ತಿದಾಗ ಬಲ್ಬು ಆರಿತು. ಇಲಿ ಕಡಿದ ವಯರು ಅಲ್ಲಿ ಫ್ರೇಮಿಗೆ ತಾಗುತ್ತಿತ್ತು. ಇನ್ನೊಂದು ಫ್ಯೂಸನ್ನು ಬಲಿಕೊಡದೆ ಕೆಲಸ ಮುಗಿಯಿತು.

ಮಜೂರಿಯ ವಿಚಾರ. ಎರಡೂ ಕೆಲಸಕ್ಕೆ ಸೇರಿ ಸಾವಿರ ರೂಪಾಯಿಯೊಳಗೆ ಆಯಿತು, ಹಿಂದಿನ ಗ್ಯಾರೇಜಿನಲ್ಲಿ ಬದಲಿಸಿದ ಬ್ಯಾಟರಿಯೊಂದರ ಬೆಲೆಗಿಂತ ಕಡಿಮೆ. ಹುಡುಕುವ ಸಮಯಕ್ಕೆ ಇಲ್ಲಿ ದುಡ್ಡು ಕೊಡುತ್ತೇವೆ, ಸಾಮಾನಿಗಲ್ಲ. ಹಾಗಾಗಿ ವಯರಿನ ಚೂರು ಹಾಕಿದ್ದಕ್ಕೆ ಇಷ್ಟೇಕೆ ಎಂದು ಚೌಕಾಸಿಗೆ ನಿಲ್ಲುವವರಿಗೆ ಈ ಅಂಗಡಿ ಒಗ್ಗುವುದಿಲ್ಲ. ರಶೀದಿ ಕೊಡುವುದಿಲ್ಲ, ಏನು ಮಾಡಿದರೆಂದು ಬರೆದುಕೊಡುವುದಿಲ್ಲ, ಫೋನು ಎತ್ತುವುದು ಅವರ ಮನಸ್ಸಿಗೆ ಬಂದರೆ ಮಾತ್ರ. ದೋಷ ಕಾಣಿಸಿಕೊಳ್ಳುವವರೆಗೆ ಬೈಕನ್ನು ಬಿಟ್ಟುಹೋಗಬೇಕು, ಇಲ್ಲವೇ ಬಲ್ಬು ಕಟ್ಟಿಕೊಂಡು ನಾವೇ ಓಡಿಸಬೇಕು, ಇಂತಿಷ್ಟು ದಿನ ಎಂಬ ಮಾತು ಅವರ ಬಾಯಿಂದ ಬರುವುದಿಲ್ಲ. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ನಿಯಂತ್ರಣದ ಮಾನದಂಡ) ಬೈಕುಗಳ ಇಂಜೆಕ್ಷನ್ ಮತ್ತು ಸೆನ್ಸರ್ ದೋಷಗಳನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಸ್ಕ್ಯಾನರ್ ಬೇಕು, ಕಂಪೆನಿಯ ಸರ್ವೀಸಿಗೆ ಹೋಗಿ ಎಂದು ಬಾಗಿಲಲ್ಲೇ ಹೇಳಿ ಕಳುಹಿಸುತ್ತಾರೆ. ಹಳೆಯ ಬೈಕಿನವರು ಹೋಗುವುದಾದರೆ ಮೇ ತಿಂಗಳೊಳಗೆ ಹೋಗುವುದು ಒಳ್ಳೆಯದು; ಮಳೆ ಹಿಡಿದ ಮೇಲೆ ನೀರು ಕುಡಿದ ಸ್ಕೂಟರುಗಳ ಸಾಲು ಓಣಿಯ ಬಾಯಿಯವರೆಗೂ ನಿಂತಿರುತ್ತದೆ.