ಮೀಟರಿನ 4 ಬೈಟು ಓದಲು ಮೂರು ದಾರಿ

ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಸ್ಪ್ರಿಂಕ್ಲರ್ ಪಂಪಿಗೆ ಒಂದು ನೀರಿನ ಮೀಟರ್ ಕೂರಿಸಿದ್ದೇನೆ. ಅದು ಸಲಕ್ಕೆ 7 ಬೈಟಿನ ಒಂದು ಪ್ಯಾಕೆಟ್ ಕಳಿಸುತ್ತದೆ. ಮೊದಲ 3 ಹೆಡರ್ (ಪ್ಯಾಕೆಟ್ಟಿನ ತಲೆಬರಹ), ಉಳಿದ 4ರಲ್ಲಿ ಎಷ್ಟು ಲೀಟರ್ ಹೋಯಿತು ಅನ್ನುವ ಲೆಕ್ಕ. ಆ 4 ಬೈಟನ್ನು ಸಿ ಭಾಷೆಯಲ್ಲಿ ಒಂದು ಸಂಖ್ಯೆ ಮಾಡಬೇಕು, ಅಷ್ಟೇ ಕೆಲಸ. ಅದಕ್ಕೆ ಎರಡು ಭಾನುವಾರ ಹೋಯಿತು.

ಮೊದಲು ಹಿಡಿದದ್ದು ಪಾಯಿಂಟರ್ ಕಾಸ್ಟ್ (cast). ಪಾಯಿಂಟರ್ ಅಂದರೆ ಮೆಮೊರಿಯ ವಿಳಾಸ, ಕಾಸ್ಟ್ ಅಂದರೆ ಅದನ್ನು ಬೇರೆ ಟೈಪಿನದು ಅಂತ ನೋಡಲು ಹೇಳುವುದು. ಒಂದೇ ಸಾಲು, ನೋಡಲು ಚೆಂದ. ಬಂದ ಬೈಟುಗಳು ಕೂತ ಬಫರಿನ ಪಾಯಿಂಟರನ್ನು 32 ಬಿಟ್ (4 ಬೈಟು) ಸಂಖ್ಯೆಯ ಪಾಯಿಂಟರ್ ಮಾಡಿ, ಆಮೇಲೆ 3 ಕೂಡಿಸಿದೆ. ಬಂದದ್ದು ಕಸ. ಮೂರು ಅಡಿಕೆ ಮರ ಆಚೆ ಹೋಗು ಅಂದರೆ ಮೂರು ಅಡಿ ಅಲ್ಲ, ಒಂಬತ್ತು ಅಡಿ ಅಂತರದ ತೋಟದಲ್ಲಿ 27 ಅಡಿ, ಅಲ್ವಾ? ಇಲ್ಲೂ ಹಾಗೆಯೇ. 32 ಬಿಟ್ ಪಾಯಿಂಟರಿಗೆ 3 ಕೂಡಿಸಿದರೆ ಅದು 12 ಬೈಟು ಹಾರುತ್ತದೆ. ನನ್ನ ಪ್ಯಾಕೆಟ್ ಇರುವುದೇ 7. ಮೊದಲು ಕೂಡಿಸಿ ಆಮೇಲೆ ಕಾಸ್ಟ್ ಮಾಡಬೇಕಿತ್ತು.

ತಿದ್ದಿದೆ. ಮೀಟರ್ ಮುಖದಲ್ಲಿ 300 ಲೀಟರ್, ಲ್ಯಾಪ್‌ಟಾಪ್ ಹೇಳಿದ್ದು 738263040. ಮೀಟರ್ ದೊಡ್ಡ ಸ್ಥಾನದ ಬೈಟನ್ನು ಮುಂದೆ ಕಳಿಸುತ್ತದೆ: 0, 0, 1, 44 (1×256 + 44 = 300). ಲ್ಯಾಪ್‌ಟಾಪ್ ಚಿಕ್ಕ ಸ್ಥಾನದ್ದು ಮುಂದೆ ಅಂತ ಓದುತ್ತದೆ. ಕಾಸ್ಟ್ ಬೈಟುಗಳನ್ನು ಮುಟ್ಟುವುದೇ ಇಲ್ಲ, ಓದುವ ಕಣ್ಣನ್ನು ಬದಲಿಸುತ್ತದೆ. ನಮ್ಮ ಕಾಸರಗೋಡಿನಲ್ಲಿ ಇದನ್ನು ವಿವರಿಸುವುದು ಸುಲಭ. 'ಪಟ್ಟಿ' ಅಂದರೆ ಕನ್ನಡದವನಿಗೆ ಲಿಸ್ಟ್, ಮಲಯಾಳದವನಿಗೆ ನಾಯಿ.

ಬೈಟುಗಳನ್ನು ತಿರುಗಿಸುವ ಇನ್ನೊಂದು ಸಾಲು ಸೇರಿಸಿದೆ, 300 ಬಂತು. ಖುಷಿಯಲ್ಲಿ ಅದೇ ಕೋಡನ್ನು ರಾಸ್ಪ್‌ಬೆರಿ ಪೈ ಪೈಕೊ ಅನ್ನುವ ಪುಟ್ಟ ಬೋರ್ಡಿಗೆ ಹಾಕಿದರೆ ಅದು ಸ್ತಬ್ಧ. ಹಾರ್ಡ್ ಫಾಲ್ಟ್, ಅಂದರೆ ಚಿಪ್ ಮುಂದುವರಿಯಲಾಗದೆ ನಿಲ್ಲುವ ದೋಷ. ಅದರಲ್ಲಿರುವ ಕಾರ್ಟೆಕ್ಸ್ ಎಂ0 ಪ್ಲಸ್ ಚಿಪ್‌ಗೆ 32 ಬಿಟ್ ಓದಬೇಕಾದರೆ ವಿಳಾಸ 4ರಿಂದ ಭಾಗವಾಗಬೇಕು. ಸೊನ್ನೆಯಿಂದ ಎಣಿಸಿದರೆ ನನ್ನ ಸಂಖ್ಯೆ ಕೂತಿದ್ದು 3ನೇ ಬೈಟಿನಲ್ಲಿ. ಲ್ಯಾಪ್‌ಟಾಪಿನ ಇಂಟೆಲ್ ಚಿಪ್ ಇದನ್ನೆಲ್ಲ ಸುಮ್ನೆ ಸಹಿಸಿಕೊಂಡಿತ್ತು, ಅದಕ್ಕೇ ತಪ್ಪು ಗೊತ್ತಾಗಲಿಲ್ಲ. ಸಾಲದ್ದಕ್ಕೆ ಸಿ ನಿಯಮದ ಪ್ರಕಾರವೂ ಇದು ತಪ್ಪು. ಬೇರೆ ಬೇರೆ ಟೈಪಿನ ಪಾಯಿಂಟರುಗಳು ಒಂದೇ ಜಾಗ ತೋರಿಸುವುದಿಲ್ಲ ಅಂತ ನಂಬಿಕೊಂಡೇ ಜಿಸಿಸಿ ಅನ್ನುವ ಕಂಪೈಲರ್ ಓ2 ಆಪ್ಟಿಮೈಸೇಷನ್ ಮಟ್ಟದಲ್ಲಿ ಕೋಡ್ ಬರೆಯುತ್ತದೆ. ಲಿನಕ್ಸ್ ಕರ್ನಲ್‌ನವರು ಆ ನಂಬಿಕೆಯನ್ನೇ ಆಫ್ ಮಾಡಿ ಕಂಪೈಲ್ ಮಾಡುತ್ತಾರೆ.

ಎರಡನೆಯದು ಮೆಮ್‌ಕಾಪಿ. 4 ಬೈಟನ್ನು ಒಂದು 32 ಬಿಟ್ ವೇರಿಯಬಲ್‌ಗೆ ನಕಲು ಮಾಡುವುದು. ಪೈಕೊ ನಿಲ್ಲಲಿಲ್ಲ. ಫಂಕ್ಷನ್ ಕರೆ ಅಂದರೆ ನಿಧಾನ ಅಂತ ಹೆದರಿದ್ದೆ. ಲ್ಯಾಪ್‌ಟಾಪಿನ ಅಸೆಂಬ್ಲಿ (ಚಿಪ್ಪಿಗೆ ಹೋಗುವ ಆಜ್ಞೆಗಳು) ತೆಗೆದು ನೋಡಿದರೆ ಕರೆಯೇ ಇಲ್ಲ, ಒಂದು ಮೂವ್ ಆಜ್ಞೆ ಮಾತ್ರ. ಆದರೆ ಬೈಟು ತಿರುಗಿಸುವ ತಲೆನೋವು ಹಾಗೆಯೇ ಉಳಿಯಿತು. ಒಂದೇ ಜಾಗವನ್ನು ಎರಡು ಟೈಪಾಗಿ ನೋಡುವ ಯೂನಿಯನ್ ಕೂಡ ನೋಡಿದೆ. ಅದರಲ್ಲೂ ಅದೇ ತಲೆನೋವು, ಜೊತೆಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಅದಕ್ಕೆ ಒಪ್ಪಿಗೆ ಇಲ್ಲ. ಬಿಟ್ಟೆ.

ಮೂರನೆಯದು ಶಿಫ್ಟ್. ಮೊದಲ ಬೈಟು 24 ಬಿಟ್ ಎಡಕ್ಕೆ, ಮುಂದಿನದು 16, ಆಮೇಲೆ 8, ಕೊನೆಯದು ಇದ್ದ ಹಾಗೆ. ನಾಲ್ಕನ್ನೂ ಆರ್ (OR) ಮಾಡಿ ಒಂದುಗೂಡಿಸಿದರೆ ಮುಗಿಯಿತು. ಸಾಲು ಉದ್ದ, ನೋಡಲು ಪೆದ್ದು. ಆದರೆ ವಿಳಾಸ ಎಲ್ಲೇ ಇರಲಿ, ಚಿಪ್ ಹೇಗೇ ಓದಲಿ, 300 ಅಂದರೆ 300. ಲ್ಯಾಪ್‌ಟಾಪಿನಲ್ಲಿ ಜಿಸಿಸಿ ಈ ಉದ್ದ ಸಾಲನ್ನು ಒಂದು ಓದು, ಒಂದು ಬಿಸ್ವಾಪ್ (ಬೈಟು ತಿರುಗಿಸುವ ಆಜ್ಞೆ) ಮಾಡಿಕೊಟ್ಟಿತು.

ಒಂದು ಹಳ್ಳ ಇಲ್ಲೂ ಇದೆ. ಬೈಟು ಶಿಫ್ಟ್ ಆಗುವ ಮೊದಲು ಇಂಟ್ (ಚಿಹ್ನೆಯಿರುವ ಮಾಮೂಲಿ ಪೂರ್ಣಾಂಕ) ಆಗುತ್ತದೆ. 128 ಅಥವಾ ಜಾಸ್ತಿ ಇರುವ ಬೈಟನ್ನು 24 ಬಿಟ್ ತಳ್ಳಿದರೆ ಅದು ಚಿಹ್ನೆಯ ಬಿಟ್‌ಗೆ ಹೋಗಿ ಬೀಳುತ್ತದೆ. ಆರ್ಡುಯಿನೊ ಉನೊ ಆರ್3 ಬೋರ್ಡಿನಲ್ಲಂತೂ ಇಂಟ್ ಇರುವುದೇ 16 ಬಿಟ್. ಹಾಗಾಗಿ ಪ್ರತಿ ಬೈಟನ್ನೂ ಮೊದಲು ಚಿಹ್ನೆಯಿಲ್ಲದ 32 ಬಿಟ್‌ಗೆ ಕಾಸ್ಟ್ ಮಾಡಬೇಕು. ಇದು ಪಾಯಿಂಟರಿನ ಕಾಸ್ಟ್ ಅಲ್ಲ, ಒಳಗಿನ ಸಂಖ್ಯೆಯ ಕಾಸ್ಟ್. 44 ಇದ್ದದ್ದು 44 ಆಗಿಯೇ ಇರುತ್ತದೆ.

ಈಗ ಪಂಪ್ ಶೆಡ್ಡಿನ ಪೈಕೊದಲ್ಲಿ ಇರುವುದು ಶಿಫ್ಟ್. ಮೆಮ್‌ಕಾಪಿಯನ್ನು ಲ್ಯಾಪ್‌ಟಾಪಿನಲ್ಲೇ ಬರೆದು ಅಲ್ಲೇ ಓದುವ ಲಾಗ್ ಫೈಲಿಗೆ ಇಟ್ಟುಕೊಂಡಿದ್ದೇನೆ. ಕಾಸ್ಟ್ ಇದ್ದ ಸಾಲನ್ನು ಅಳಿಸಿಲ್ಲ, ಕಾಮೆಂಟ್ ಮಾಡಿ ಪಕ್ಕದಲ್ಲಿ 738263040 ಅಂತ ಬರೆದಿದ್ದೇನೆ.