ಕೋಳಿಗೆ ಹುಳ ಬೆಳೆಸುವ ಪೆಟ್ಟಿಗೆ: ಎರಡು ಮಳೆಗಾಲ, ಎರಡು ಚಳಿಗಾಲ ಕಳೆದ ಮೇಲೆ

ಪುಣೆಯಿಂದ ಸೊಲ್ಲಾಪುರ ರಸ್ತೆ ಹಿಡಿದು ಬಂದರೆ ಉರುಳಿ ಕಾಂಚನ್. ನಮ್ಮ ಮನೆ ಅಲ್ಲೇ, ಹಿತ್ತಿಲಲ್ಲಿ ಹದಿನಾಲ್ಕು ಜವಾರಿ ಕೋಳಿ. ಅವಕ್ಕಾಗಿ 2023ರ ಮಾರ್ಚ್‌ನಲ್ಲಿ 5,200 ರೂಪಾಯಿ ಕೊಟ್ಟು ಈ ಪೆಟ್ಟಿಗೆ ತರಿಸಿದೆ. 60 ಲೀಟರಿನ ಕಪ್ಪು ಡಬ್ಬ, ಒಳಗೆ ಒಂದು ಇಳಿಜಾರು, ಅದರ ಮೇಲ್ತುದಿಗೆ ಕೊಳವೆ, ಕೊಳವೆಯ ಬಾಯಿಗೆ ಬಕೆಟ್. ಜೊತೆಗೆ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳದ ಒಂದು ಪೊಟ್ಟಣ.

ನೊಣ ಅಂದ ಕೂಡಲೇ ಮೂಗು ಮುರಿಯಬೇಡಿ. ಇದು ಮನೆನೊಣ ಅಲ್ಲ. ಕಣಜದ ಹಾಗೆ ಉದ್ದಕ್ಕಿರುತ್ತದೆ, ಕಚ್ಚುವುದಿಲ್ಲ, ಊಟದ ತಾಟಿನ ಸುತ್ತ ಸುಳಿಯುವುದಿಲ್ಲ. ರೆಕ್ಕೆ ಬಂದ ಮೇಲೆ ಒಂದೆರಡು ವಾರ ಬದುಕಿ, ಒಣ ಸಂದಿಯಲ್ಲಿ 500ರಷ್ಟು ಮೊಟ್ಟೆ ಇಟ್ಟು ಸಾಯುತ್ತದೆ. ಹೊಟ್ಟೆ ತುಂಬಿಸಿಕೊಳ್ಳುವ ಕೆಲಸವೆಲ್ಲ ಹುಳವಾಗಿದ್ದಾಗಲೇ.

ಎರಡು ಮೂರು ವಾರ ತಿಂದು ಬಲಿತ ಹುಳ ಬಿಳಿ ಹೋಗಿ ಕಂದುಗಪ್ಪಾಗುತ್ತದೆ. ಆಮೇಲೆ ತಿನ್ನುವುದು ಬಿಟ್ಟು, ಒಣ ಜಾಗ ಹುಡುಕುತ್ತ ತಾನೇ ಇಳಿಜಾರು ಹತ್ತಿ ಬರುತ್ತದೆ. ನಾವು ಕೈ ಹಾಕಿ ಆರಿಸಬೇಕಿಲ್ಲ. ರಾತ್ರಿ ಹಿತ್ತಿಲ ಬಾಗಿಲಲ್ಲಿ ನಿಂತರೆ ಬಕೆಟ್ಟಿಗೆ ಒಂದೊಂದೇ ಬೀಳುವ ಟಪ್ ಟಪ್ ಸದ್ದು ಕೇಳುತ್ತದೆ. ಬೆಳಗ್ಗೆ ಬಕೆಟ್ ಎತ್ತಿದ ಸದ್ದಿಗೇ ಕೋಳಿಗಳು ಓಡಿಬರುತ್ತವೆ. ಅವ್ವ ಮೊದಲ ದಿನವೇ ಅಂದಳು: “ಊರಾಗ ಕೋಳಿ ತಿಪ್ಪಿ ಕೆದರಿ ತಿಂತಿದ್ದದ್ದು ಇಂಥಾ ಹುಳಾನ ಅಲ್ಲೇನು? ಇಲ್ಲಿ ತಿಪ್ಪಿ ಇಲ್ಲ, ಅದಕ ಡಬ್ಬಿ ಬಂತು.” ಅವ್ವನ ಮಾತು ನನಗೆ ಸರಿ ಅನ್ನಿಸಿತು.

ಮಾರಿದವರು ಆಹಾರದ ಖರ್ಚು ಅರ್ಧಕ್ಕಿಳಿಯುತ್ತದೆ ಅಂದಿದ್ದರು. ಇಳಿಯಲಿಲ್ಲ. ದಿನಕ್ಕೆ ಎರಡು ಕಿಲೋ ತರಕಾರಿ ಸಿಪ್ಪೆ ಹಾಕಿದರೆ, ಒಳ್ಳೆಯ ದಿನಗಳಲ್ಲಿ 300 ಗ್ರಾಂ ಹಸಿ ಹುಳ ಸಿಗುತ್ತದೆ. ಒಣಗಿಸಿದರೆ ಅದು 100 ಗ್ರಾಂ ಆದರೆ ಹೆಚ್ಚು. ಹದಿನಾಲ್ಕು ಕೋಳಿಗೆ ಅದೊಂದೇ ಎಲ್ಲಿ ಸಾಲಬೇಕು? ಜೋಳ, ಮೆಕ್ಕೆಜೋಳದ ನುಚ್ಚು ಇಂದಿಗೂ ಕೊಳ್ಳುತ್ತೇನೆ. ಆದರೆ ಒಣ ಹುಳದಲ್ಲಿ ಶೇಕಡಾ 40ರಷ್ಟು ಪ್ರೋಟೀನ್ ಇರುತ್ತದೆ, ಜೋಳದಲ್ಲಿ ಕಡಿಮೆ ಬೀಳುವುದು ಅದೇ. ಹಾಗಾಗಿ ಶೇಂಗಾ ಹಿಂಡಿ ಮತ್ತು ಒಣಮೀನಿನ ಪುಡಿ ಪೂರ್ತಿ ನಿಂತವು. ಹುಳದಲ್ಲಿ ಕೊಬ್ಬೂ ಬಹಳ, ಒಂದು ಕೋಳಿಗೆ ಒಂದು ಮುಷ್ಟಿಗಿಂತ ಹೆಚ್ಚು ಹಾಕುವುದಿಲ್ಲ.

ಮೊದಲ ಜೂನ್ ಮರೆಯಲಾರೆ. ಡಬ್ಬದ ತಳದ ತೂತು ಬೆರಳು ಹೋಗದಷ್ಟು ಸಣ್ಣದು, ಸಿಪ್ಪೆ ಸಿಕ್ಕಿ ಕಟ್ಟಿಕೊಂಡಿತು. ನೀರು ನಿಂತು, ಉಸಿರುಗಟ್ಟಿದ ಹುಳವೆಲ್ಲ ಒಂದೇ ರಾತ್ರಿ ಹೊರಬಿದ್ದವು. ಪಡಸಾಲೆ, ಚಪ್ಪಲಿ, ಪಕ್ಕದ ಮನೆ ವಹಿನಿಯ ತುಳಸಿಕಟ್ಟೆ, ಎಲ್ಲೆಲ್ಲೂ ಹುಳ. ಅವರ ಎದುರು ನಿಲ್ಲಲು ನನಗೆ ನಿಜಕ್ಕೂ ಸಂಕಟವಾಯಿತು. ಕಂಪನಿಗೆ ನಾಲ್ಕು ಸಲ ಫೋನ್ ಮಾಡಿದೆ, ಯಾರೂ ಬರಲಿಲ್ಲ. ಕೊನೆಗೆ ನಾನೇ ಡ್ರಿಲ್ ಹಿಡಿದು ಆರು ತೂತು ಕೊರೆದೆ, ತಳಕ್ಕೆ ತೆಂಗಿನ ನಾರು ಹಾಸಿದೆ, ಸಿಪ್ಪೆಯ ಜೊತೆ ಒಣ ಎಲೆ ಬೆರೆಸತೊಡಗಿದೆ. ಅಂದಿನಿಂದ ಮತ್ತೆ ಹಾಗಾಗಿಲ್ಲ. ನಾತ ಬಂದರೆ ತೇವ ಹೆಚ್ಚಾಗಿದೆ ಅಂತಲೇ ಲೆಕ್ಕ.

ಚಳಿಗಾಲ ಬೇರೆ ತಾಪತ್ರಯ. ಇವಕ್ಕೆ 27ರಿಂದ 30 ಡಿಗ್ರಿ ಹಿತ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿ ಹತ್ತರ ಹತ್ತಿರ ಇಳಿಯುತ್ತದೆ, ಹುಳ ಮಂಕಾಗಿ ಬೆಳವಣಿಗೆ ನಿಂತೇಬಿಡುತ್ತದೆ. ಮೊದಲ ವರ್ಷ ಸಂತಾನವೇ ಅಳಿಯಿತು. ಎರಡನೇ ವರ್ಷ ಡಬ್ಬಕ್ಕೆ ಗೋಣಿಚೀಲ ಸುತ್ತಿ ಅಡುಗೆಮನೆ ಗೋಡೆಗೆ ಒತ್ತಿಟ್ಟೆ, ಅರ್ಧ ಉಳಿದವು. ಬಿಸಿಲು ಏರಿದ ಮೇಲೆ ಹೊರಗಿನ ನೊಣ ತಾವಾಗಿಯೇ ಬಂದು, ಮುಚ್ಚಳದ ಕೆಳಗೆ ಸಿಕ್ಕಿಸಿದ ರಟ್ಟಿನ ಏಣುಗಳಲ್ಲಿ ಕೆನೆಬಣ್ಣದ ಮೊಟ್ಟೆ ಇಡುತ್ತವೆ. ನಾಲ್ಕೇ ದಿನಕ್ಕೆ ಮರಿ.

ನಾನು ಹಾಕುವುದು ತರಕಾರಿ, ಹಣ್ಣಿನ ಸಿಪ್ಪೆ ಮಾತ್ರ. ಹೋಟೆಲ್ ಎಂಜಲು, ಮಾಂಸ ಬೇಡವೇ ಬೇಡ. ಯುರೋಪಿನಲ್ಲಿ 2021ರಲ್ಲಿ ಕೋಳಿ, ಹಂದಿಗೆ ಹುಳದ ಪ್ರೋಟೀನ್ ಕೊಡಲು ಅನುಮತಿ ಸಿಕ್ಕಾಗಲೂ, ಆ ಹುಳಕ್ಕೆ ಹೋಟೆಲ್ ಎಂಜಲು ತಿನ್ನಿಸುವಂತಿಲ್ಲ ಅಂತಲೇ ನಿಯಮ. ಮೊಟ್ಟೆ ತಿನ್ನುವವರು ನಮ್ಮ ಮಕ್ಕಳೇ ಅಲ್ಲವೇ.

ಐದರಲ್ಲಿ ಮೂರೂವರೆ ನಕ್ಷತ್ರ. ಕಳೆದ ಒಂದೂವರೆ, ಆ ತೂತಿಗೆ ಮತ್ತು ಎತ್ತದ ಫೋನಿಗೆ. ಕೊಳ್ಳುವುದಿದ್ದರೆ ಫೆಬ್ರವರಿ ಕಳೆಯಲಿ, ಮನೆಗೆ ಬಂದ ದಿನವೇ ತೂತು ದೊಡ್ಡದು ಮಾಡಿಕೊಳ್ಳಿ.